ಏನೂ ಆಗದ ಮಧ್ಯಾಹ್ನ

1997ರ ಜೂನ್ 13. ದಕ್ಷಿಣ ದೆಹಲಿಯ ಗ್ರೀನ್ ಪಾರ್ಕ್‌ನಲ್ಲಿದ್ದ ಉಪಹಾರ್ ಚಿತ್ರಮಂದಿರದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಹೊಂದಿಕೊಂಡ ಕೋಣೆಯಲ್ಲಿ ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರ್ ಇತ್ತು. ಬೆಳಿಗ್ಗೆ ಏಳರ ಹೊತ್ತಿಗೆ ಅದಕ್ಕೆ ಬೆಂಕಿ ಹತ್ತಿತು, ಆರಿಸಿದರು. ರಿಪೇರಿಗೆ ಬಂದವರು ಕೇಬಲ್‌ನ ತುದಿಗೆ ಹೊಸ ಅಲ್ಯೂಮಿನಿಯಂ ಸಾಕೆಟ್ ಕೂರಿಸಿದರು. ಅದನ್ನು ತಂತಿಯ ಮೇಲೆ ಬಿಗಿಯಾಗಿ ಅಮುಕುವುದಕ್ಕೆ ಕ್ರಿಂಪಿಂಗ್ ಯಂತ್ರ ಬೇಕು. ಅವರು ಡೈ ಇಟ್ಟು ಸುತ್ತಿಗೆಯಲ್ಲಿ ಬಡಿದರು. ಹನ್ನೊಂದೂವರೆಗೆ ಕರೆಂಟ್ ಬಂತು. ‘ಬಾರ್ಡರ್’ ಚಿತ್ರ ಬಿಡುಗಡೆಯಾದ ದಿನವದು. ಮಧ್ಯಾಹ್ನದ ಆಟಕ್ಕೆ ಜನ ಬಂದರು, ಪರದೆಯ ಮೇಲೆ ಚಿತ್ರ ಓಡಿತು. ಸಂಜೆ ಐದರ ಹೊತ್ತಿಗೆ ಆ ಕೇಬಲ್ ಕಳಚಿಕೊಂಡು ಟ್ರಾನ್ಸ್‌ಫಾರ್ಮರಿನ ರೇಡಿಯೇಟರಿಗೆ ತಗುಲಿ ತೂತು ಕೊರೆಯಿತು. ಎಣ್ಣೆ ಸೋರಿ ಹೊತ್ತಿಕೊಂಡಿತು, ಕಾರುಗಳು ಉರಿದವು, ಹೊಗೆ ಮೆಟ್ಟಿಲ ದಾರಿಯಲ್ಲಿ ಬಾಲ್ಕನಿಗೆ ಏರಿತು. ಅಲ್ಲಿ ಹೆಚ್ಚುವರಿ ಸೀಟು ಹಾಕುವುದಕ್ಕಾಗಿ ಒಂದು ಬದಿಯ ಓಡಾಟದ ದಾರಿಯನ್ನೇ ಮುಚ್ಚಿದ್ದರು. 59 ಜನ ಸತ್ತರು.

ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಯಿತು. 2015ರಲ್ಲಿ ಮಾಲೀಕರಿಗೆ 60 ಕೋಟಿ ರೂಪಾಯಿ ಕಟ್ಟುವಂತೆ ಆದೇಶವಾಯಿತು. ಕಾನೂನು ಕೇಳುವ ಪ್ರಶ್ನೆಗಳಿಗೆ ಹೇಗೋ ಏನೋ ಒಂದು ಉತ್ತರ ಸಿಕ್ಕಿತು. ಆದರೆ ಈ ಘಟನೆಯೊಳಗೆ ಇನ್ನೊಂದು ಪ್ರಶ್ನೆ ಉಳಿದಿದೆ. ಅದು ಮಧ್ಯಾಹ್ನ ಎರಡು ಗಂಟೆಗೆ ಸೇರಿದ ಪ್ರಶ್ನೆ. ಆ ಹೊತ್ತಿನಲ್ಲಿ ದೀಪ ಉರಿಯುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಯಾರಿಗೂ ಏನೂ ಆಗಿರಲಿಲ್ಲ. ಆಗಲೇ ಅಲ್ಲೊಂದು ತಪ್ಪು ನಡೆದುಹೋಗಿತ್ತೇ? ಅಥವಾ ಸಂಜೆ ಐದಕ್ಕೆ ಸಾವು ಬಂದ ಮೇಲೆ, ಹಿಂದಿರುಗಿ ನೋಡಿದಾಗ ಮಾತ್ರ ಅದು ತಪ್ಪಾಯಿತೇ?

ದೇಶದಲ್ಲಿ ಕೋಟಿಗಟ್ಟಲೆ ಮನೆಗಳು ಇಂಥದೇ ಮಧ್ಯಾಹ್ನದಲ್ಲಿ ಬದುಕುತ್ತಿವೆ. ಅರ್ಥಿಂಗಿನ ಹಸಿರು ವೈರ್ ಎಲ್ಲಿಗೂ ಸೇರದ ಪ್ಲಗ್ ಪಾಯಿಂಟ್, ಮುಟ್ಟಿದರೆ ಝುಮ್ಮೆನ್ನುವ ಗೀಸರಿನ ನಲ್ಲಿ, ಮಳೆ ಬಂದಾಗ ಟ್ರಿಪ್ ಆಗುತ್ತದೆಂದು ‘ಡೈರೆಕ್ಟ್’ ಕೊಟ್ಟುಬಿಟ್ಟ ಮೋಟರ್. ‘ಇಷ್ಟು ವರ್ಷ ಏನೂ ಆಗಿಲ್ವಲ್ಲ’ ಎಂಬುದು ಇವೆಲ್ಲಕ್ಕೂ ಸಿಗುವ ಸಮಾಧಾನ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಲ್ಲಿ 2021ರ ಒಂದೇ ವರ್ಷದಲ್ಲಿ ಕರೆಂಟ್ ಹೊಡೆದು ಸತ್ತವರು ಹನ್ನೆರಡು ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುತೇಕರ ಮಟ್ಟಿಗೆ ಹಿಂದಿನ ದಿನದ ತನಕ ಏನೂ ಆಗಿರಲಿಲ್ಲ.

ಪಶ್ಚಿಮದ ತತ್ವಶಾಸ್ತ್ರದಲ್ಲಿ ಈ ಪ್ರಶ್ನೆಯ ಇಂದಿನ ಚರ್ಚೆ ಶುರುವಾದದ್ದು 1976ರಲ್ಲಿ. ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಇಬ್ಬರೂ ನೈತಿಕತೆಯಲ್ಲಿ ಅದೃಷ್ಟದ ಪಾತ್ರವೇನು ಎಂದು ಕೇಳಿದರು. ಇಬ್ಬರು ಚಾಲಕರು ಒಂದೇ ಬಗೆಯ ಅಜಾಗ್ರತೆಯಿಂದ ಗಾಡಿ ಓಡಿಸುತ್ತಾರೆ. ಒಬ್ಬನ ದಾರಿಗೆ ಮಗು ಅಡ್ಡ ಬರುತ್ತದೆ, ಇನ್ನೊಬ್ಬನ ದಾರಿಗೆ ಬರುವುದಿಲ್ಲ. ಲೋಕ ಒಬ್ಬನನ್ನು ಕೊಲೆಗಾರನಂತೆ ನೋಡುತ್ತದೆ, ಇನ್ನೊಬ್ಬನನ್ನು ಗಮನಿಸುವುದೇ ಇಲ್ಲ. ಇಬ್ಬರ ನಡುವಿನ ವ್ಯತ್ಯಾಸ ಇಬ್ಬರ ಕೈಯಲ್ಲೂ ಇರಲಿಲ್ಲ. ನೇಗೆಲ್ ಈ ಗೊಂದಲವನ್ನು ಬಿಡಿಸಲಾಗದ್ದೆಂದೇ ಬಿಟ್ಟ.

ಭಾರತದಲ್ಲಿ ಈ ಚರ್ಚೆ ಅದಕ್ಕಿಂತ ಬಹಳ ಹಳೆಯದು, ಮತ್ತು ಇಲ್ಲಿ ಅದು ಗೊಂದಲದಲ್ಲಿ ನಿಲ್ಲಲಿಲ್ಲ. ಬೌದ್ಧರ ಪಾಲಿ ಮಜ್ಝಿಮನಿಕಾಯದ ಉಪಾಲಿ ಸುತ್ತದಲ್ಲಿ ನಾಲಂದೆಯಲ್ಲಿ ನಡೆದ ವಾದವೊಂದು ಬರುತ್ತದೆ. ಕಾಯ, ಮಾತು, ಮನಸ್ಸು ಈ ಮೂರರ ಕರ್ಮದಲ್ಲಿ ಯಾವುದು ಹೆಚ್ಚು ಭಾರ? ಕಾಯದ್ದು ಎನ್ನುತ್ತಾರೆ ನಿರ್ಗ್ರಂಥರು, ಅಂದರೆ ಜೈನರು. ಮನಸ್ಸಿನದು ಎನ್ನುತ್ತಾನೆ ಬುದ್ಧ. ಸಾಮಾನ್ಯವಾಗಿ ಇಂದಿನ ಓದುಗರ ಒಲವು ಬುದ್ಧನ ಕಡೆಗೆ ಹೋಗುತ್ತದೆ, ಉದ್ದೇಶವೇ ಮುಖ್ಯವೆಂದು ಎಲ್ಲರೂ ನಂಬಿರುವ ಕಾಲವಿದು. ಆದರೆ ಈ ಅಳತೆಗೋಲನ್ನು ಹಿಡಿದು ಸ್ವಿಚ್ ಬೋರ್ಡಿನ ಮುಂದೆ ನಿಂತರೆ ತೊಡಕಾಗುತ್ತದೆ. ಸುತ್ತಿಗೆ ಹಿಡಿದವನಿಗೆ ಕೊಲ್ಲುವ ಉದ್ದೇಶವಿರಲಿಲ್ಲ. ಅರ್ಥಿಂಗ್ ಕೊಡದ ಎಲೆಕ್ಟ್ರಿಷಿಯನ್‌ಗೆ ಆ ಮನೆಯವರ ಮೇಲೆ ದ್ವೇಷವಿಲ್ಲ. ಅವನ ಮನಸ್ಸನ್ನು ಎಷ್ಟು ಶೋಧಿಸಿದರೂ ಸಿಗುವುದು ಆತುರ, ಮುಂದಿನ ಸೈಟಿಗೆ ಹೋಗುವ ಅವಸರ. ಕೆಟ್ಟದ್ದೇನೂ ಸಿಗುವುದಿಲ್ಲ.

ಜೈನ ದಾರ್ಶನಿಕ ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಇಲ್ಲಿ ಕೈ ಹಿಡಿಯುತ್ತದೆ. ಜೀವ ಹೋಗುವುದಷ್ಟನ್ನೇ ಆ ಗ್ರಂಥ ಹಿಂಸೆ ಎನ್ನುವುದಿಲ್ಲ. ಎಚ್ಚರಗೇಡಿ ನಡವಳಿಕೆಯಿಂದ ಜೀವಕ್ಕೆ ಧಕ್ಕೆಯಾಗುವುದನ್ನು ಹಿಂಸೆ ಎನ್ನುತ್ತದೆ. ಕುಂದಕುಂದಾಚಾರ್ಯರ ಪ್ರವಚನಸಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಎದುರಿನ ಜೀವ ಸತ್ತರೂ ಬದುಕಿದರೂ ಅಜಾಗರೂಕನ ಪಾಲಿಗೆ ಹಿಂಸೆ ಖಂಡಿತ, ಜಾಗರೂಕನಾಗಿ ನಡೆದವನ ಕಾಲಡಿಗೆ ಅಕಸ್ಮಾತ್ತಾಗಿ ಹುಳವೊಂದು ಸಿಕ್ಕಿ ಸತ್ತರೂ ಅವನಿಗೆ ಕರ್ಮಬಂಧವಿಲ್ಲ. ಕನ್ನಡ ನಾಡಿನವರೆಂದು ಪರಂಪರೆ ನೆನೆಯುವ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಬರೆದ ತಮ್ಮ ಸರ್ವಾರ್ಥಸಿದ್ಧಿ ಎಂಬ ಟೀಕೆಯಲ್ಲಿ ಈ ಮಾತನ್ನು ಬಿಡಿಸಿಟ್ಟಿದ್ದಾರೆ. ಎಚ್ಚರ ತಪ್ಪಿದವನು ಮೊದಲು ಗಾಯಗೊಳಿಸುವುದು ತನ್ನನ್ನೇ. ಇನ್ನೊಬ್ಬರು ಸಾಯುತ್ತಾರೋ ಇಲ್ಲವೋ ಎಂಬುದು ಆಮೇಲಿನ ಮಾತು.

ಈ ನೋಟದಲ್ಲಿ ಮಧ್ಯಾಹ್ನ ಎರಡು ಗಂಟೆಯ ಪ್ರಶ್ನೆಗೆ ಉತ್ತರ ನೇರವಾಗಿದೆ. ಹಿಂಸೆ ಹನ್ನೊಂದೂವರೆಗೇ ಆಗಿತ್ತು. ಸಂಜೆ ಐದು ಗಂಟೆ ಅದನ್ನು ಹೊರಗೆ ತಂದು ತೋರಿಸಿತು.

ಜೈನ ಮುನಿಗಳಲ್ಲಿ ವಿದ್ಯುತ್ತಿನ ಬಗ್ಗೆ ಬೇರೆಯೇ ಒಂದು ಜಿಜ್ಞಾಸೆಯಿದೆ: ಅದು ತೇಜಸ್ಕಾಯ ಜೀವವೇ, ಅಂದರೆ ಬೆಂಕಿಯಂತೆ ಸ್ವತಃ ಜೀವವುಳ್ಳದ್ದೇ, ಮೈಕು ದೀಪಗಳನ್ನು ಬಳಸಬಹುದೇ ಎಂಬುದು. ಅದು ಸಾಧುಗಳ ಆಚಾರಕ್ಕೆ ಸಂಬಂಧಿಸಿದ ಸೂಕ್ಷ್ಮ ಚರ್ಚೆ. ಗೃಹಸ್ಥನ ಮನೆಗೆ ಹೆಚ್ಚು ಹತ್ತಿರದ್ದು ಸಮಿತಿಗಳು ಎಂದು ಕರೆಯುವ ಐದು ಎಚ್ಚರಗಳು, ಅದರಲ್ಲೂ ವಸ್ತುವನ್ನು ಎತ್ತುವಾಗ ಇಡುವಾಗ ಇರಬೇಕಾದ ಆದಾನ-ನಿಕ್ಷೇಪಣ ಸಮಿತಿ. ದಿಗಂಬರ ಮುನಿ ಕಮಂಡಲವನ್ನು ಕೆಳಗಿಡುವ ಮೊದಲು ಜಾಗವನ್ನು ಕಣ್ಣಿಟ್ಟು ನೋಡಿ, ನವಿಲುಗರಿಯ ಪಿಂಛಿಯಿಂದ ಮೆಲ್ಲಗೆ ಸವರುತ್ತಾನೆ. ಅಲ್ಲಿ ಇರುವೆ ಇದೆಯೆಂದು ಅವನಿಗೆ ಗೊತ್ತಿದೆಯೆಂದಲ್ಲ, ಇರಬಹುದು ಎಂದು. ವೈರಿಂಗ್ ನಿಯಮಗಳೆಲ್ಲ ನಿಂತಿರುವುದು ಈ ‘ಇರಬಹುದು’ ಎಂಬುದರ ಮೇಲೆಯೇ.

ಮೂರು ಪಿನ್ನಿನ ಪ್ಲಗ್ಗನ್ನೇ ತೆಗೆದುಕೊಳ್ಳಬಹುದು. ಮೇಲಿನ ಪಿನ್ ಉಳಿದೆರಡಕ್ಕಿಂತ ದಪ್ಪ, ಉದ್ದವೂ ಹೆಚ್ಚು. ಪ್ಲಗ್ ಹಾಕುವಾಗ ಅದೇ ಮೊದಲು ಸೇರುತ್ತದೆ, ತೆಗೆಯುವಾಗ ಅದೇ ಕೊನೆಗೆ ಬಿಡುತ್ತದೆ. ಫೇಸ್ ತಂತಿ ಯಂತ್ರವನ್ನು ಮುಟ್ಟುವ ಮೊದಲೇ ಯಂತ್ರದ ಲೋಹದ ಮೈ ಭೂಮಿಗೆ ಸೇರಿರಲಿ ಎಂಬ ಲೆಕ್ಕಾಚಾರ ಅದು. ಆ ಪ್ಲಗ್ಗನ್ನು ಯಾರು ಯಾವಾಗ ಹಾಕುತ್ತಾರೆಂದು ಅದನ್ನು ರೂಪಿಸಿದವರಿಗೆ ಗೊತ್ತಿರಲಿಲ್ಲ. ಒದ್ದೆ ಕೈಯ ಗೃಹಿಣಿಯಿರಬಹುದು, ಬರಿಗಾಲಿನ ಮಗುವಿರಬಹುದು. ಆ ಅಪರಿಚಿತರ ಬಗೆಗಿನ ಕಾಳಜಿ ಕೆಲವು ಮಿಲಿಮೀಟರ್ ಹಿತ್ತಾಳೆಯಲ್ಲಿದೆ. ಎರಡು ಪಿನ್ನಿನ ಸಾಕೆಟ್ಟಿಗೆ ಕೂರಲಿಲ್ಲವೆಂದು ಆ ಮೇಲಿನ ಪಿನ್ನನ್ನು ಗರಗಸದಿಂದ ಕತ್ತರಿಸುವವರಿದ್ದಾರೆ. ಯಂತ್ರ ಆಗಲೂ ಓಡುತ್ತದೆ, ಇಡೀ ಸಮಸ್ಯೆಯೇ ಅದು. ಅರ್ಥಿಂಗ್ ಇಲ್ಲದೆಯೂ ಮಿಕ್ಸಿ ತಿರುಗುತ್ತದೆ, ಗೀಸರ್ ಕಾಯುತ್ತದೆ. ದೀಪ ಉರಿಸುವುದಕ್ಕೆ ಎರಡು ತಂತಿ ಸಾಕು; ಮೂರನೆಯದು ಇರುವುದು ಮನುಷ್ಯನಿಗಾಗಿ.

ಕರೆಂಟ್ ಎಷ್ಟಿದ್ದರೆ ಅಪಾಯ ಎಂಬುದರಲ್ಲೂ ಜನರಲ್ಲಿ ತಪ್ಪು ಅಂದಾಜಿದೆ. ಮನೆಗೆ ಬರುವುದು 230 ವೋಲ್ಟ್. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಎಳೆದುಕೊಳ್ಳುವುದು ಸುಮಾರು 40 ಮಿಲಿಆಂಪಿಯರ್. ಅಷ್ಟೇ ಕರೆಂಟ್ ಒಂದು ಕೈಯಿಂದ ಎದೆಯ ಮೂಲಕ ಹಾದು ಕಾಲಿಗೆ ಇಳಿದು, ಕೆಲವು ಸೆಕೆಂಡ್ ನಿಂತರೆ ಹೃದಯದ ತಾಳ ತಪ್ಪಬಹುದು. ಹಾಗಿದ್ದರೆ, ಕರೆಂಟ್ ಮಿತಿ ಮೀರಿದಾಗ ಬೀಳುವ ಎಂಸಿಬಿ ಏನು ಮಾಡುತ್ತದೆ? 16 ಆಂಪಿಯರಿನ ಎಂಸಿಬಿಗೆ 40 ಮಿಲಿಆಂಪಿಯರ್ ಗೊತ್ತೇ ಆಗುವುದಿಲ್ಲ. ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಎನ್ನುತ್ತಾರೆ. ಫೇಸಿನಲ್ಲಿ ಹೋದ ಕರೆಂಟ್ ಪೂರ್ತಿಯಾಗಿ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆಯಾದರೂ, ಅಂದರೆ ಅಷ್ಟು ಕರೆಂಟ್ ಬೇರೆ ಯಾವುದೋ ದಾರಿಯಲ್ಲಿ, ಬಹುಶಃ ಒಂದು ದೇಹದ ಮೂಲಕ, ನೆಲ ಸೇರುತ್ತಿದ್ದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸುತ್ತದೆ.

ಅರ್ಥಿಂಗ್ ಇದ್ದರೆ ಎಂಸಿಬಿಯೇ ಸಾಕಲ್ಲವೇ ಎಂದು ತಿಳಿದವರೂ ಕೇಳುತ್ತಾರೆ. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ಪೈಪ್ ಹೂತ ಅರ್ಥಿಂಗ್ ಬೇಸಿಗೆಯಲ್ಲಿ ಒಣಗಿ ಅದರ ರೋಧ 20 ಓಮ್ ಆಗಿದೆ ಎಂದುಕೊಳ್ಳೋಣ. ಗೀಸರಿನ ಮೈಗೆ ಫೇಸ್ ತಗುಲಿದರೆ ನೆಲಕ್ಕೆ ಹರಿಯುವುದು 230 ಭಾಗಿಸು 20, ಅಂದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದಿಲ್ಲ. ಅರ್ಥಿಂಗ್ ಇದೆ, ಎಂಸಿಬಿ ಇದೆ, ಎರಡೂ ಹೊಸದಾಗಿವೆ, ಆದರೂ ಗೀಸರಿನ ಮೈಯಲ್ಲಿ ಕರೆಂಟ್ ನಿಂತೇ ಇದೆ. ವೈರಿಂಗಿಗೆ ಐಎಸ್ 732, ಅರ್ಥಿಂಗಿಗೆ ಐಎಸ್ 3043, ಎಲ್ಲವನ್ನೂ ಒಟ್ಟಿಗೆ ಹೇಳುವ ರಾಷ್ಟ್ರೀಯ ವಿದ್ಯುತ್ ಸಂಹಿತೆ, ಅದರ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷಾ ನಿಯಮಾವಳಿ. ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಈ ಒಂದು ಭಾಗಾಕಾರ ಉತ್ತರ ಹೇಳುತ್ತದೆ. ಬರೀ ಒಳ್ಳೆಯ ಮನಸ್ಸಿನಿಂದ ಯಾರಿಗೂ ಈ ಅಪಾಯ ಹೊಳೆಯುವುದಿಲ್ಲ. ಯಾರೋ ಅಳೆದು, ಲೆಕ್ಕ ಹಾಕಿ, ಬರೆದಿಟ್ಟಿರಬೇಕು.

ತಪ್ಪುಗಳನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಸ್ವಿಚ್ ಆಫ್ ಮಾಡಿದ ಮೇಲೂ ಹೋಲ್ಡರಿನಲ್ಲಿ ಟೆಸ್ಟರ್ ಉರಿದರೆ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್‌ಗೆ ಹಾಕಿದ್ದಾರೆಂದು ಸಂದೇಹಪಡಬೇಕು. ಆಫ್ ಮಾಡಿದ್ದೇನೆಂದು ನಂಬಿ ಬಲ್ಬ್ ಬದಲಿಸುವವನ ಕೈ ಅಲ್ಲಿಗೆ ಹೋಗುತ್ತದೆ. ಹಳೆಯ ಮನೆಗಳ ಪಿಂಗಾಣಿ ಫ್ಯೂಸಿನಲ್ಲಿ ಸಣ್ಣ ತಂತಿಯ ಬದಲು ಕೈಗೆ ಸಿಕ್ಕ ದಪ್ಪ ತಾಮ್ರದ ತಂತಿ ಸುತ್ತಿರುತ್ತದೆ. ಒಂದೂವರೆ ಚದರ ಮಿಲಿಮೀಟರ್ ವೈರಿನ ಮೇಲೆ 32 ಆಂಪಿಯರಿನ ಎಂಸಿಬಿ ಕೂತಿರುತ್ತದೆ, ಹಿಂದಿದ್ದದ್ದು ಪದೇ ಪದೇ ಬೀಳುತ್ತಿತ್ತೆಂಬ ಕಾರಣಕ್ಕೆ. ಕರೆಂಟ್ ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ; ಗೋಡೆಯೊಳಗೆ ಆ ಬಿಸಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪೈಪಿನೊಳಗೆ ತಂತಿಗಳನ್ನು ಹೊಸೆದು ಟೇಪ್ ಸುತ್ತಿದ ಜಾಯಿಂಟ್ ಇನ್ನೊಂದು. ಹಸಿರು ವೈರೇ ಇಲ್ಲವೆಂದು ಸಾಕೆಟ್ಟಿನ ಹಿಂದೆ ಅರ್ಥ್ ಮತ್ತು ನ್ಯೂಟ್ರಲ್ ಎರಡನ್ನೂ ಒಂದು ತುಂಡು ತಂತಿಯಿಂದ ಸೇರಿಸುವುದಂತೂ ಎಲ್ಲಕ್ಕಿಂತ ಘೋರ. ಎಲ್ಲೋ ನ್ಯೂಟ್ರಲ್ ತುಂಡಾದರೆ ಫ್ರಿಜ್ಜಿನ ಬಾಗಿಲೇ ಫೇಸ್ ಆಗುತ್ತದೆ.

ಆದರೆ ಇವೆಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಆರ್‌ಸಿಸಿಬಿಯನ್ನು ಬೈಪಾಸ್ ಮಾಡುವುದು. ಎರಡು ಸರ್ಕ್ಯೂಟಿನ ನ್ಯೂಟ್ರಲ್‌ಗಳು ಎಲ್ಲೋ ಬೆರೆತಿರುತ್ತವೆ, ಅಥವಾ ಸಂಪಿನ ಮೋಟರಿಗೆ ನೀರು ಇಳಿದಿರುತ್ತದೆ. ಆರ್‌ಸಿಸಿಬಿ ಬೀಳುತ್ತದೆ. ಎತ್ತಿದರೆ ಮತ್ತೆ ಬೀಳುತ್ತದೆ. ಮನೆಯಲ್ಲಿ ಕತ್ತಲು, ಮಕ್ಕಳಿಗೆ ನಾಳೆ ಪರೀಕ್ಷೆ, ಕರೆಸಿದ ಹುಡುಗನಿಗೆ ಮೂಲ ಹುಡುಕಲು ಅರ್ಧ ದಿನ ಬೇಕು. ಅವನು ಮೇಲಿನ ತಂತಿಯನ್ನು ಬಿಚ್ಚಿ ಕೆಳಗಿನದಕ್ಕೆ ಕಟ್ಟಿ ಹೋಗುತ್ತಾನೆ, ಮನೆ ಬೆಳಗುತ್ತದೆ, ಮನೆಯವರು ಅವನಿಗೆ ಕಾಫಿ ಕೊಟ್ಟು ಕಳಿಸುತ್ತಾರೆ. ಇಲ್ಲಿ ಅಜ್ಞಾನವಿಲ್ಲ. ಯಂತ್ರ ಎಚ್ಚರಿಸಿತ್ತು, ಎಚ್ಚರಿಕೆಯನ್ನು ಕೇಳಿಸಿಕೊಂಡವರೇ ಅದರ ಬಾಯಿ ಮುಚ್ಚಿಸಿದರು. ಜೈನ ಶಾಸ್ತ್ರಕಾರರು ಪ್ರಮಾದ, ಅಂದರೆ ಎಚ್ಚರಗೇಡಿತನ, ಎಂದದ್ದಕ್ಕೆ ಇದಕ್ಕಿಂತ ಶುದ್ಧ ನಿದರ್ಶನ ಇಂದಿನ ಬದುಕಿನಲ್ಲಿ ಸಿಗುವುದು ಕಷ್ಟ.

ಹಾಗಾದರೆ ಪಾಪ ಯಾರದು? ತಂತಿ ಕಟ್ಟಿದ ಹುಡುಗನದೇ? ಅದೇ ಪರಂಪರೆ ಇದಕ್ಕೂ ಮಾತು ಕೊಟ್ಟಿದೆ. ಕೃತ, ಕಾರಿತ, ಅನುಮೋದಿತ: ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಮೂರೂ ಕರ್ಮವೇ. ಮನೆ ಕಟ್ಟುವಾಗ ವೈರಿಂಗಿನ ಕೂಲಿಯನ್ನು ಪಾಯಿಂಟ್ ಲೆಕ್ಕದಲ್ಲಿ ಮಾತಾಡುತ್ತಾರೆ. ಒಂದು ಪಾಯಿಂಟಿಗೆ ಇಷ್ಟು ಎಂದು ಮಾಲೀಕ ಚೌಕಾಸಿ ಮಾಡಿ ಇಳಿಸಿದರೆ ಮೊದಲು ಕಾಣೆಯಾಗುವುದು ಹಸಿರು ವೈರ್, ಏಕೆಂದರೆ ಅದು ಇಲ್ಲದಿದ್ದರೂ ಬಲ್ಬ್ ಉರಿಯುತ್ತದೆ. ಟೈಲ್ಸಿಗೆ ಲಕ್ಷಗಟ್ಟಲೆ ಕೊಟ್ಟು ವೈರಿಂಗಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಪ್ಪ’ ಎನ್ನುವ ಮಾಲೀಕ ಕಾರಿತದಲ್ಲಿ ಭಾಗಿ. ವಿದ್ಯುತ್ ಸಂಪರ್ಕಕ್ಕೆ ಪರವಾನಗಿ ಪಡೆದ ಗುತ್ತಿಗೆದಾರನ ಪರೀಕ್ಷಾ ವರದಿ ಬೇಕು. ಮೆಗ್ಗರ್ ಹಿಡಿದು ಇನ್ಸುಲೇಷನ್ ಅಳೆಯದೆ, ಸೈಟಿಗೇ ಬರದೆ ಸಹಿ ಹಾಕಿದರೆ ಅದು ಅನುಮೋದನೆಯ ಜೊತೆಗೆ ಸುಳ್ಳು ಸಾಕ್ಷಿಯೂ ಹೌದು. ಬಾಡಿಗೆಗೆ ಬಂದವರು ಗೀಸರ್ ಝುಮ್ಮೆನ್ನುತ್ತದೆಂದು ತಿಳಿದೂ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುವುದನ್ನು ರೂಢಿಸಿಕೊಂಡರೆ, ಮುಂದೆ ಆ ಮನೆಗೆ ಬರುವವರ ಮಟ್ಟಿಗೆ ಅವರದೂ ಒಂದು ಪಾಲು ಇದೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ವಿದ್ಯುತ್ ಕೇಬಲ್‌ಗಳು ಹಾದುಹೋಗುವ ನಾಳದಿಂದ ಎದ್ದ ಹೊಗೆ ಮಹಡಿಗಳನ್ನು ತುಂಬಿತ್ತು, ಉಸಿರಿಗಾಗಿ ಕಿಟಕಿ ಒಡೆದು ಹಾರಿದವರಿದ್ದರು. ಅಂಥ ಕಟ್ಟಡದಲ್ಲಿ ಕೇಬಲ್ ಎಳೆದವರು, ಎಳೆಸಿದವರು, ನೋಡಿ ಸುಮ್ಮನಿದ್ದವರು, ಎಲ್ಲರೂ ತಂತಮ್ಮ ಪಾಲಿನ ಮಟ್ಟಿಗೆ ನಿರಪರಾಧಿಗಳೆಂದೇ ತಿಳಿದಿರುತ್ತಾರೆ. ಸಾವು ಒಂದೇ ಕೈಯಿಂದ ಬರದಿದ್ದಾಗ ಯಾವ ಕೈಗೂ ರಕ್ತ ಅಂಟಿದಂತೆ ಕಾಣುವುದಿಲ್ಲ. ಮೂರು ಬಗೆಯ ಕರ್ಮ ಎಂಬ ವಿಂಗಡಣೆಯ ಬಲ ಇಲ್ಲೇ ಇದೆ. ಅದು ಹೊಣೆಯನ್ನು ಹಂಚುತ್ತದೆ, ಹಂಚುವಾಗ ಯಾರ ಪಾಲನ್ನೂ ಕಡಿಮೆ ಮಾಡುವುದಿಲ್ಲ.

ಅಪಾಯ ಸಂಭವಿಸುವ ಮೊದಲೇ ತಪ್ಪನ್ನು ತಪ್ಪೆನ್ನಬೇಕೆಂದು ಕಂಡುಕೊಂಡವರು ಜೈನರೊಬ್ಬರೇ ಅಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರದ ಆಡಳಿತದ ಅಧ್ಯಾಯವೊಂದಿದೆ. ನೀರಿನ ಕೊಡಗಳು, ಏಣಿ, ಕೊಡಲಿ, ಕೊಕ್ಕೆ ಇವನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳದವನಿಗೆ ಅಲ್ಲಿ ಕಾಲು ಪಣ ದಂಡ, ಬೆಂಕಿ ಬೀಳದಿದ್ದರೂ. ಹೊತ್ತಿದ ಬೆಂಕಿಯನ್ನು ಆರಿಸಲು ಓಡದ ಮನೆಯೊಡೆಯನಿಗೆ ಹನ್ನೆರಡು ಪಣ, ಬಾಡಿಗೆದಾರನಿಗೆ ಆರು. ಅಜಾಗ್ರತೆಯಿಂದ ಬೆಂಕಿ ಬಿದ್ದರೆ ಐವತ್ತನಾಲ್ಕು. ಇನ್ನು ಯಹೂದಿಗಳ ಧರ್ಮೋಪದೇಶಕಾಂಡ ಹೊಸ ಮನೆಯ ಮಾಳಿಗೆಗೆ ಕಟಕಟೆ ಕಟ್ಟಬೇಕೆಂದು ವಿಧಿಸುತ್ತದೆ. ರಬ್ಬಿ ನಾಥಾನ್ ಆ ಒಂದು ವಿಧಿಯಿಂದಲೇ ಮನೆಯಲ್ಲಿ ಕಚ್ಚುವ ನಾಯಿ ಸಾಕಬಾರದು, ಅಲುಗಾಡುವ ಏಣಿ ಇಡಬಾರದು ಎಂದು ಹೊರಡಿಸಿದ. ಹನ್ನೆರಡನೆಯ ಶತಮಾನದ ಮೈಮೊನಿಡೀಸ್ ಅದನ್ನು ಜೀವಕ್ಕೆ ಅಪಾಯ ತರಬಹುದಾದ ಎಲ್ಲದಕ್ಕೂ ವಿಸ್ತರಿಸಿದ. ಅಲುಗಾಡುವ ಏಣಿಯಿಂದ ಸಡಿಲ ಜಾಯಿಂಟಿನ ತನಕ ದೂರ ಹೆಚ್ಚಿಲ್ಲ.

ಈ ವಾದಕ್ಕೆ ಒಂದು ಆಕ್ಷೇಪವಿದೆ, ಅದು ಹಗುರದ್ದಲ್ಲ. ನಿಯಮ ಪಾಲಿಸುವುದೇ ಎಚ್ಚರವೇ? ವೈರಿನ ಬಣ್ಣ ತಪ್ಪಾದರೆ ಅದೂ ಹಿಂಸೆಯೇ? ಅಮೆರಿಕದಲ್ಲಿ 1897ರಲ್ಲಿ ಬಂದ ಮೊದಲ ರಾಷ್ಟ್ರೀಯ ವಿದ್ಯುತ್ ಸಂಹಿತೆಯ ಹಿಂದೆ ಧರ್ಮಚಿಂತಕರಿಗಿಂತ ಹೆಚ್ಚಾಗಿ ಬೆಂಕಿ ವಿಮೆಯ ಕಂಪನಿಗಳಿದ್ದವು. ನಷ್ಟ ತಡೆಯುವುದು ಅವುಗಳ ಲೆಕ್ಕವಾಗಿತ್ತು. ನಿಯಮದ ಪುಸ್ತಕಗಳು ಪರಿಷ್ಕಾರವಾಗುತ್ತಲೇ ಇರುತ್ತವೆ, ನಿನ್ನೆ ಸರಿಯಿದ್ದದ್ದು ಇಂದು ತಪ್ಪಾಗುತ್ತದೆ. ನಿಜ. ಆದರೆ ಬಣ್ಣದ ವಿಷಯವನ್ನೇ ನೋಡಿದರೆ, ಹಸಿರು ಅರ್ಥಿಗೆ ಮೀಸಲೆಂಬುದು ಒಂದು ಒಡಂಬಡಿಕೆ. ಇಂದು ತಂತಿ ಎಳೆದವನಿಗೂ ಹದಿನೈದು ವರ್ಷದ ನಂತರ ಆ ಬೋರ್ಡ್ ಬಿಚ್ಚುವವನಿಗೂ ನಡುವೆ ಬೇರೆ ಯಾವ ಮಾತುಕತೆಯೂ ಸಾಧ್ಯವಿಲ್ಲ. ಹಸಿರನ್ನು ಫೇಸಿಗೆ ಬಳಸಿದವನು ಆ ಮುಂದಿನವನ ಕೈಯನ್ನು ಮೋಸದಿಂದ ಅಲ್ಲಿಗೆ ಕರೆದೊಯ್ಯುತ್ತಾನೆ. ನಿಯಮ ಯಾವ ಕಾರಣಕ್ಕೆ ಹುಟ್ಟಿದ್ದರೂ ಅದನ್ನು ನಂಬಿ ಕೈ ಇಡುವವನೊಬ್ಬ ಇರುವ ತನಕ ಅದು ಬರಿಯ ಕಾಗದವಲ್ಲ.

ಧಾರ್ಮಿಕ ಆಚರಣೆಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2022ರ ಏಪ್ರಿಲ್ 27ರ ನಸುಕಿನಲ್ಲಿ ತಂಜಾವೂರಿನ ಬಳಿ ಕಳಿಮೇಡಿನಲ್ಲಿ ರಥದ ಮೇಲಿನ ಅಲಂಕಾರ ಹೈಟೆನ್ಷನ್ ತಂತಿಗೆ ತಗುಲಿ ಹನ್ನೊಂದು ಭಕ್ತರು ಸತ್ತರು, ಮಕ್ಕಳೂ ಅದರಲ್ಲಿದ್ದರು. ನಮ್ಮ ಜಾತ್ರೆ, ಗಣೇಶೋತ್ಸವಗಳಲ್ಲಿ ಕಂಬದಿಂದ ಕೊಕ್ಕೆ ಹಾಕಿ ಎಳೆದ ತಂತಿ, ಒದ್ದೆ ನೆಲದ ಮೇಲೆ ಹರಿದಾಡುವ ಸೀರಿಯಲ್ ಸೆಟ್ಟಿನ ವೈರು, ಕಬ್ಬಿಣದ ಕಮಾನಿಗೆ ಸುತ್ತಿದ ಸಡಿಲ ಜಾಯಿಂಟು ಕಾಣದ ಊರು ಕಡಿಮೆ. ಮೀಟರ್ ಆಗ್ನೇಯದಲ್ಲೇ ಇರಬೇಕೆಂದು ವಾಸ್ತು ಕೇಳುವ ಮನೆಗಳಲ್ಲಿ ಅರ್ಥಿಂಗ್ ಗುಂಡಿ ಎಲ್ಲಿದೆಯೆಂದು ಕೇಳಿದರೆ ಗೊತ್ತಿರುವುದಿಲ್ಲ. ಆಯುಧಪೂಜೆಯಂದು ಅಂಗಡಿ ಕಾರ್ಖಾನೆಗಳ ಸ್ವಿಚ್ ಬೋರ್ಡಿಗೆ ಅರಿಸಿನ ಕುಂಕುಮ ಹಚ್ಚಿ ಹೂ ಏರಿಸುತ್ತಾರೆ. ಕೆಲಸ ಕೊಟ್ಟ ವಸ್ತುವಿಗೆ ಕೈ ಮುಗಿಯುವುದು ಬಹಳ ಚೆಲುವಾದ ಸಂಪ್ರದಾಯ. ಅದೇ ಬೋರ್ಡಿನ ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿಯಿರುತ್ತದೆ. ಒತ್ತಿದರೆ ಬೀಳಬೇಕು, ಬೀಳದಿದ್ದರೆ ಸಾಧನ ಸತ್ತಿದೆ ಎಂದರ್ಥ. ಒದ್ದೆ ಹೂವನ್ನು ಬೋರ್ಡಿನಿಂದ ದೂರ ಇಟ್ಟು, ಆ ಗುಂಡಿ ಒತ್ತಿ ನೋಡುವುದೂ ಆ ದಿನದ ಪೂಜೆಯ ಅಂಗವಾದರೆ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ನಡೆದಂತಾಗುತ್ತದೆ.

ಕೊನೆಯದಾಗಿ ಉಳಿಯುವುದು ಅತಿ ಬಡವರ ಮನೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ಹಳ್ಳಿಯ ಗುಡಿಸಲಿಗೆ ಬರಲು ದಶಕಗಳೇ ಬೇಕಾದವು. ಬಂದದ್ದು ಸರ್ಕಾರದ ಭಾಗ್ಯಜ್ಯೋತಿ ಯೋಜನೆಯ ಒಂದು ಬಲ್ಬಾಗಿ. ಈಗ ಅದೇ ಮನೆಗಳಲ್ಲಿ ಟಿವಿ, ಮಿಕ್ಸಿ, ಫ್ಯಾನ್, ಮೊಬೈಲ್ ಚಾರ್ಜರ್ ಎಲ್ಲವೂ ಇವೆ, ತಂತಿ ಮಾತ್ರ ಎಷ್ಟೋ ಕಡೆ ಎರಡೇ. 2010ರ ಸುರಕ್ಷಾ ನಿಯಮಾವಳಿ ಆರ್‌ಸಿಸಿಬಿಯಂಥ ಸೋರಿಕೆ ತಡೆಯುವ ಸಾಧನ ಕಡ್ಡಾಯವೆಂದಾಗ 5 ಕಿಲೋವ್ಯಾಟಿಗಿಂತ ಕಡಿಮೆಯ ಸಂಪರ್ಕಗಳನ್ನು ಹೊರಗಿಟ್ಟಿತು. ಆ ಮಿತಿ ಆಮೇಲೆ ಕೆಳಗಿಳಿದರೂ ಅತಿ ಸಣ್ಣ ಸಂಪರ್ಕಗಳು ಹೊರಗೇ ಉಳಿದವು. ಕಡಿಮೆ ವಿದ್ಯುತ್ ಬಳಸುವ ಮನೆಗೆ ಹೊರೆಯಾಗಬಾರದೆಂಬ ಕರುಣೆ ಅದರ ಹಿಂದೆ ಇದ್ದೀತು. ಆದರೆ ಅಲ್ಲಿನ ಗೋಡೆ ಮಳೆಗೆ ನೆನೆಯುತ್ತದೆ, ನೆಲ ಮಣ್ಣಿನದು, ಕಾಲಿಗೆ ಚಪ್ಪಲಿಯಿಲ್ಲ, ಬಟ್ಟೆ ಒಣಹಾಕುವ ಕಬ್ಬಿಣದ ತಂತಿ ಸರ್ವಿಸ್ ವೈರಿನ ಪಕ್ಕದಲ್ಲೇ ಹಾದಿರುತ್ತದೆ. 40 ಮಿಲಿಆಂಪಿಯರ್ ಮೀಟರಿನ ಹೊರೆ ನೋಡಿ ಕೊಲ್ಲುವುದಿಲ್ಲ. ಇಲ್ಲಿ ನಿಯಮವನ್ನು ಯಾರೂ ಮುರಿದಿಲ್ಲ. ನಿಯಮವೇ ಆ ಹೊಸ್ತಿಲಿನಲ್ಲಿ ನಿಂತಿದೆ. ನಿಯಮ ಪಾಲಿಸಿದರೆ ಮುಗಿಯಿತೆನ್ನುವವರ ಬಳಿ ಈ ಮನೆಗೆ ಉತ್ತರವಿಲ್ಲ.

ಕನ್ನಡ ನಾಡಿನ ಜೈನ ಶಾಸನಗಳು ನಾಲ್ಕು ದಾನಗಳನ್ನು ಹೆಸರಿಸುತ್ತವೆ: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಅನ್ನಕ್ಕೆ ಮಠ-ಬಸದಿ-ದೇವಸ್ಥಾನಗಳ ದಾಸೋಹಗಳಿವೆ, ಔಷಧಕ್ಕೆ ಆಸ್ಪತ್ರೆಗಳಿವೆ, ಶಾಸ್ತ್ರಕ್ಕೆ ಶಾಲೆಗಳಿವೆ. ಅಭಯ ಎಂಬುದು ಮಾತ್ರ ಈ ಕಾಲದಲ್ಲಿ ಹೇಗೆ ಕೊಡಬೇಕೆಂದು ತಿಳಿಯದೆ ಉಪದೇಶದಲ್ಲೇ ಉಳಿದಿದೆ. ಆ ಬಡ ಮನೆಗಳಿಗೆ ಅಭಯ ಕೊಡುವ ಒಂದು ದಾರಿ ಇದೆ. ಎರಡು ಪೋಲಿನ 30 ಮಿಲಿಆಂಪಿಯರಿನ ಒಂದು ಆರ್‌ಸಿಸಿಬಿಗೆ ಅಂಗಡಿಯಲ್ಲಿ ಎರಡು ಸಾವಿರ ರೂಪಾಯಿ ಆಸುಪಾಸು. ಅದರ ಜೊತೆ ಒಂದು ಅರ್ಥಿಂಗ್ ಪೈಪು, ಒಂದಷ್ಟು ಮೀಟರ್ ಹಸಿರು ವೈರು, ಮೂರು ಪಿನ್ನಿನ ಎರಡು ಸಾಕೆಟ್ಟು, ಐಟಿಐ ಮುಗಿಸಿದ ಇಬ್ಬರು ಹುಡುಗರ ಅರ್ಧ ದಿನದ ಕೆಲಸ. ಸಾಮೂಹಿಕ ಮದುವೆ, ಅನ್ನದಾನಗಳಿಗೆ ಲಕ್ಷಾಂತರ ರೂಪಾಯಿ ಎತ್ತುವ ಸಂಸ್ಥೆಗಳು ಪರವಾನಗಿಯುಳ್ಳ ಗುತ್ತಿಗೆದಾರನೊಬ್ಬನ ಉಸ್ತುವಾರಿಯಲ್ಲಿ ಇದನ್ನು ಕೈಗೆತ್ತಿಕೊಳ್ಳಬಹುದು. ಎಲ್ಲಿಂದ ಶುರು ಮಾಡಬೇಕೆಂದು ಊರಿನ ಲೈನ್‌ಮ್ಯಾನ್‌ಗೆ ಗೊತ್ತಿರುತ್ತದೆ. ಯಾವ ಓಣಿಯ ಯಾವ ಮನೆಯ ಗೋಡೆ ಮಳೆಗಾಲದಲ್ಲಿ ಝುಮ್ಮೆನ್ನುತ್ತದೆಂದು ಅವನೇ ಹೇಳುತ್ತಾನೆ. ಕೆಲಸ ಮುಗಿದ ಮೇಲೆ ಆ ‘ಟಿ’ ಗುಂಡಿಯನ್ನು ಮನೆಯ ಹೆಂಗಸಿನ ಕೈಯಿಂದಲೇ ಒತ್ತಿಸಿ, ಕರೆಂಟ್ ಹೋದದ್ದನ್ನು ತೋರಿಸಿ, ತಿಂಗಳಿಗೊಮ್ಮೆ ಹೀಗೆ ಒತ್ತಿ ನೋಡಬೇಕು, ಬೀಳದಿದ್ದರೆ ಇಂಥವರಿಗೆ ಹೇಳಬೇಕು ಎಂದು ತಿಳಿಸಿ ಬರಬೇಕು.